ಕಂಪ್ಯೂಟರ್ ಕಟ್ಟೆ: ‘ವೈ’ ಒತ್ತುವ ಮೊದಲು

ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಫ್ರೀಬಿಎಸ್‌ಡಿ, ಡೆಬಿಯನ್ ತರಹದ ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ ಅಂತ ಹಿಂದೊಮ್ಮೆ ಇಲ್ಲೇ ಬರೆದಿದ್ದೆ. ಸುಮಾರು ಜನ ಹಾಕಿದ್ದೀರಿ. ಈಗ ಪತ್ರಗಳ ಮಳೆ. ಎಲ್ಲದಕ್ಕೂ ಉತ್ತರ ಕೊಡಲು ಜಾಗ ಇಲ್ಲ, ಹಾಗಾಗಿ ಪದೇ ಪದೇ ಬಂದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಪಿಕೆಜಿ ಅಂದರೆ ಮೂರೇ ಅಕ್ಷರ, ನಡುವೆ ಜಾಗ ಬೇಡ.

ಪ್ರಶ್ನೆ: ನನ್ನದು ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಅಂದ ಮೇಲೆ ಅಳಿಯ ಬಂದು ಫ್ರೀಬಿಎಸ್‌ಡಿ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಈಗ ಫೋನ್ ತೆಗೆಯುವುದಿಲ್ಲ. ಇದಕ್ಕೆ ಸಾಫ್ಟ್‌ವೇರಿನ ಸೆಟಪ್ ಫೈಲ್ ಎಲ್ಲಿ ಸಿಗುತ್ತದೆ? ಕನ್ನಡ ಟೈಪ್ ಮಾಡುವುದು ಹೇಗೆ?
(ಓದುಗರು, ರಥಬೀದಿ, ಮಂಗಳೂರು)

ಉತ್ತರ: ಸೆಟಪ್ ಫೈಲ್ ಹುಡುಕುವ ಅಭ್ಯಾಸವನ್ನೇ ಬಿಡಬೇಕು. ವಿಂಡೋಸಿನಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಅಂಗಡಿ ಅಲೆಯುತ್ತಿದ್ದೆವು, ದಾರಿಯಲ್ಲಿ ಯಾರ್ಯಾರೋ ಕೈ ಹಿಡಿದು ಎಳೆದು ಬೇಡದ ಟೂಲ್‌ಬಾರ್, ಕ್ಲೀನರ್ ಎಲ್ಲ ಕಟ್ಟಿ ಕಳಿಸುತ್ತಿದ್ದರು. ಇಲ್ಲಿ ಒಂದೇ ಉಗ್ರಾಣ. ಫ್ರೀಬಿಎಸ್‌ಡಿಯ ಉಗ್ರಾಣದಲ್ಲಿ 30,000ಕ್ಕೂ ಜಾಸ್ತಿ ಸಾಫ್ಟ್‌ವೇರ್ ಉಂಟು. ಹೆಚ್ಚಿನವನ್ನು ಮೊದಲೇ ಕಂಪೈಲ್ ಮಾಡಿ (ಸೋರ್ಸ್ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಂದು), ಪ್ಯಾಕೇಜ್ ಕಟ್ಟಿ ಇಟ್ಟಿರುತ್ತಾರೆ. ಅಲ್ಲಿಂದ ತಂದುಕೊಡುವ ಆಳಿನ ಹೆಸರು ಪಿಕೆಜಿ.

ಟರ್ಮಿನಲ್ ತೆರೆದು ‘ಎಸ್‌ಯು’ ಅಂತ ಕೊಟ್ಟು ರೂಟ್ ಪಾಸ್‌ವರ್ಡ್ ಹಾಕಿ. (ಪಾಸ್‌ವರ್ಡಿಗಾದರೂ ಅಳಿಯನನ್ನು ಹಿಡಿಯಲೇಬೇಕು.) ಆಮೇಲೆ ‘ಪಿಕೆಜಿ ಇನ್‌ಸ್ಟಾಲ್ ಇಂಕ್‌ಸ್ಕೇಪ್ ಗಿಂಪ್ ಸ್ಕ್ರೈಬಸ್’. ಮೊದಲನೆಯದು ಚಿತ್ರ ಬಿಡಿಸಲು, ಎರಡನೆಯದು ಫೋಟೋ ತಿದ್ದಲು, ಮೂರನೆಯದು ಪುಟ ಕಟ್ಟಲು. ಮೊದಲ ಸಲವಾದರೆ ಪಿಕೆಜಿಯೇ ಇನ್ನೂ ಇಲ್ಲ, ಹಾಕಲಾ ಅಂತ ಕೇಳುತ್ತದೆ, ಹೂಂ ಅನ್ನಿ. ನೀವು ಕೇಳಿದ್ದು ಮೂರು, ಪರದೆಯಲ್ಲಿ ಬರುವ ಪಟ್ಟಿ ಮಾರುದ್ದ ಇರುತ್ತದೆ. ಹೆದರಬೇಡಿ. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿ ಎಲ್ಲ ಬರುವುದಿಲ್ವಾ, ಹಾಗೆ. ಗಿಂಪಿಗೆ ಜೆಪೆಗ್ ತೆರೆಯಲು ಒಂದು ಲೈಬ್ರರಿ (ಬೇರೆ ಸಾಫ್ಟ್‌ವೇರುಗಳು ಬಳಸುವ ಸಿದ್ಧ ಕೋಡು) ಬೇಕು, ಪಿಎನ್‌ಜಿಗೆ ಇನ್ನೊಂದು, ಅಕ್ಷರ ಮೂಡಿಸಲು ಮತ್ತೊಂದು. ಒಂದೇ ಲೈಬ್ರರಿಯನ್ನು ಹತ್ತು ಸಾಫ್ಟ್‌ವೇರ್ ಹಂಚಿಕೊಳ್ಳುತ್ತವೆ. ಆ ಲೈಬ್ರರಿಗೆ ತೇಪೆ (ದೋಷ ಸರಿಮಾಡುವ ಪ್ಯಾಚ್) ಬಿದ್ದರೆ ಹತ್ತಕ್ಕೂ ಬಿದ್ದ ಹಾಗೆ.

ಹೀಗೆ ಬಂದದ್ದೆಲ್ಲ ‘/ಯುಎಸ್‌ಆರ್/ಲೋಕಲ್’ ಎಂಬ ಫೋಲ್ಡರಿನ ಒಳಗೆ ಕೂರುತ್ತದೆ. ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ, ಕೆಳಗಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ. ಆಪರೇಟಿಂಗ್ ಸಿಸ್ಟಮ್ ಬೇರೆ, ನೀವು ಹಾಕಿದ ಪ್ಯಾಕೇಜ್ ಬೇರೆ. ಮನೆ ಬೇರೆ, ಸಾಮಾನು ಬೇರೆ. ಇಷ್ಟು ಸ್ಪಷ್ಟ ಗೋಡೆ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಒಂದು ಪ್ಯಾಕೇಜೇ.

ಇನ್‌ಸ್ಟಾಲ್ ಮುಗಿದ ಮೇಲೆ ಕೊನೆಯಲ್ಲಿ ಒಂದಷ್ಟು ಇಂಗ್ಲಿಷ್ ಸಾಲುಗಳು ಬರುತ್ತವೆ. ಎಲ್ಲರೂ ಅದನ್ನು ಓದದೆ ಟರ್ಮಿನಲ್ ಮುಚ್ಚುತ್ತಾರೆ, ಆಮೇಲೆ ಪ್ರಿಂಟರ್ ಓಡುವುದಿಲ್ಲ ಅಂತ ನನಗೆ ಪತ್ರ. ಪ್ರಿಂಟರಿಗೆ ಬೇಕಾದ ಕಪ್ಸ್ ಹಾಕಿದರೆ ಅದು ತಾನಾಗಿ ಶುರುವಾಗುವುದಿಲ್ಲ. ‘ಸಿಸ್‌ಆರ್‌ಸಿ ಕಪ್ಸ್‌ಡಿ_ಎನೇಬಲ್=ಯೆಸ್’ ಅಂತ ಹೇಳಿ, ‘ಸರ್ವಿಸ್ ಕಪ್ಸ್‌ಡಿ ಸ್ಟಾರ್ಟ್’ ಕೊಡಬೇಕು. ಆ ಸಂದೇಶ ತಪ್ಪಿಹೋದರೆ ‘ಪಿಕೆಜಿ ಇನ್ಫೋ’ ಬರೆದು ‘-ಡಿ’ (ಇಲ್ಲಿ ದೊಡ್ಡಕ್ಷರ), ಮುಂದೆ ಪ್ಯಾಕೇಜಿನ ಹೆಸರು. ಮತ್ತೆ ತೋರಿಸುತ್ತದೆ.

ಕನ್ನಡಕ್ಕೆ ಐಬಸ್ ಮತ್ತು ಅದರ ಎಂ17ಎನ್ ಜೋಡಣೆ ಹಾಕಿ. ಅದರಲ್ಲಿ ಕಗಪ ಕೀಲಿಮಣೆ ಉಂಟು. ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸ ಆಗಿರುವುದು ಇದೇ ವಿನ್ಯಾಸ, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಹೊಸದಾಗಿ ಕಲಿಯುವುದು ಏನೂ ಇಲ್ಲ. ಫಾಂಟ್ ಬೇಕಾದರೆ ನಿಮ್ಮ ಹೋಮ್ ಫೋಲ್ಡರಿನ ‘.ಲೋಕಲ್/ಶೇರ್/ಫಾಂಟ್ಸ್’ನಲ್ಲಿ ಯುನಿಕೋಡ್ ಫಾಂಟ್ ಫೈಲ್ ಹಾಕಿ ‘ಎಫ್‌ಸಿ-ಕ್ಯಾಶ್’ ಓಡಿಸಿದರೆ ಸಾಕು.

ಕಹಿ ಸುದ್ದಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಕೋರೆಲ್‌ಡ್ರಾ, ಪೇಜ್‌ಮೇಕರ್ ಇಲ್ಲಿಗೆ ಬರುವುದಿಲ್ಲ. ಹಳೆ ಸಿಡಿಆರ್ ಫೈಲನ್ನು ಇಂಕ್‌ಸ್ಕೇಪ್ ಎಷ್ಟೋ ಸಲ ತೆರೆಯುತ್ತದೆ, ಆದರೆ ಅಕ್ಷರಗಳ ಜಾಗ ಆಚೀಚೆ ಆಗುತ್ತದೆ. ಹತ್ತು ವರ್ಷದ ಗಿರಾಕಿಗಳ ಮದುವೆ ಕಾಗದ ಎಲ್ಲ ಹಳೆ ಆಸ್ಕಿ ಫಾಂಟಿನಲ್ಲೇ ಇದ್ದರೆ ಒಂದು ವಿಂಡೋಸ್ ಯಂತ್ರವನ್ನು ನೆಟ್ ತಪ್ಪಿಸಿ ಮೂಲೆಯಲ್ಲಿ ಇಟ್ಟುಕೊಳ್ಳಿ, ಹೊಸ ಕೆಲಸ ಮಾತ್ರ ಇದರಲ್ಲಿ ಮಾಡಿ. ಸ್ಕ್ರೈಬಸ್ 1.6ಕ್ಕಿಂತ ಹಳೆಯದನ್ನು ಮುಟ್ಟಬೇಡಿ, 1.4ರಲ್ಲಿ ನಮ್ಮ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ.

ಪ್ರಶ್ನೆ: ಮೊನ್ನೆ ‘ಪಿಕೆಜಿ ಅಪ್‌ಗ್ರೇಡ್’ ಕೊಟ್ಟೆ. ಏನೋ ಕೇಳಿತು, ವೈ ಒತ್ತಿದೆ. ರೀಸ್ಟಾರ್ಟ್ ಮಾಡಿದರೆ ಡೆಸ್ಕ್‌ಟಾಪೇ ಇಲ್ಲ, ಕಪ್ಪು ಪರದೆ, ಲಾಗಿನ್ ಅಂತ ಮಾತ್ರ ಬರುತ್ತದೆ. ವೈರಸ್ ಇರಬಹುದಾ?
(ಓದುಗರು, ಅಜ್ಜರಕಾಡು, ಉಡುಪಿ)

ಉತ್ತರ: ವೈರಸ್ ಅಲ್ಲ ಮಾರಾಯ್ರೆ. ಡೆಸ್ಕ್‌ಟಾಪ್ ತೆಗೆದು ಹಾಕಲಾ ಅಂತ ಅದು ಕೇಳಿರುತ್ತದೆ, ನೀವು ಆಯ್ತು ಅಂದಿರುತ್ತೀರಿ. ನಗುವುದಲ್ಲ, ನಾನೂ ಅಂದವನೇ.

ಪರ್ಯಾಯದ ಜನವರಿ. ಉಡುಪಿಯಲ್ಲಿ ಗೆಳೆಯರೊಬ್ಬರ ಪ್ರೆಸ್. 18ಕ್ಕೆ ಪರ್ಯಾಯ, ಊರಿಡೀ ಚಪ್ಪರ, ಪ್ರೆಸ್ಸಿನಲ್ಲಿ ಆಮಂತ್ರಣ, ಹೊರೆಕಾಣಿಕೆಯ ಬ್ಯಾನರು, ಸ್ವಾಗತ ಕೋರುವವರ ಸಾಲು ಸಾಲು ಫೋಟೋ. ಅವರ ಯಂತ್ರಗಳಿಗೆ ಫ್ರೀಬಿಎಸ್‌ಡಿ ಹಾಕಿಕೊಟ್ಟವನು ನಾನೇ. ಅವತ್ತು ಸುಮ್ನೆ ಹೋದವನು ಚಾ ಬರುವಷ್ಟರಲ್ಲಿ ಒಂದು ಅಪ್‌ಗ್ರೇಡ್ ಮಾಡಿಬಿಡುವ ಅಂತ ಕೂತೆ. ಪಟ್ಟಿ ಸರ್ರನೆ ಮೇಲೆ ಓಡಿತು. ಕೊನೆಯಲ್ಲಿ ಲೆಕ್ಕ: ಇಷ್ಟು ತೆಗೆಯುವವು, ಇಷ್ಟು ಹೊಸದು, ಇನ್ನೂರು ಚಿಲ್ಲರೆ ಅಪ್‌ಗ್ರೇಡ್ ಆಗುವವು. ಮುಂದುವರಿಸಲಾ, ವೈ ಅಥವಾ ಎನ್? ಕಣ್ಣು ಇನ್ನೂರರ ಮೇಲೆ ಹೋಯಿತು, ಅದರ ಮೇಲಿನ ಸಾಲಿನ ‘ತೆಗೆಯುವವು’ ಮೇಲೆ ಹೋಗಲಿಲ್ಲ. ವೈ. ಚಾ ಕುಡಿದು ಬಂದು ನೋಡಿದರೆ ಇಂಕ್‌ಸ್ಕೇಪ್ ಇಲ್ಲ. ಮತ್ತೆ ಹಾಕುವ ಅಂದರೆ ಆ ಹೆಸರಿನ ಪ್ಯಾಕೇಜೇ ಇಲ್ಲ ಅನ್ನುತ್ತದೆ! ಗೆಳೆಯರು ಏನೂ ಹೇಳಲಿಲ್ಲ. ಅದೇ ಕಷ್ಟ. ಆ ವಾರ ಬ್ಯಾನರುಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ನಾನೇ ಮಾಡಿಕೊಟ್ಟೆ.

ಆದದ್ದು ಎಂತ ಅಂದರೆ, ಫ್ರೀಬಿಎಸ್‌ಡಿಯ ಉಗ್ರಾಣದಲ್ಲಿ ಎರಡು ಬಾಗಿಲು. ಒಂದು ಲೇಟೆಸ್ಟ್, ಇನ್ನೊಂದು ಕ್ವಾರ್ಟರ್ಲಿ. ಸಾಮಾನ್ಯ ಬಳಕೆದಾರರಿಗೆ ಸಿಗುವುದು ಕ್ವಾರ್ಟರ್ಲಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ಹೊಸ ಕಂತು. ನಡುವೆ ಭದ್ರತೆಯ ತೇಪೆ ಮತ್ತು ಸಣ್ಣಪುಟ್ಟ ರಿಪೇರಿ ಮಾತ್ರ ಬರುತ್ತದೆ. ಕಂತು ಬದಲಾದ ಕೂಡಲೇ ಸಾವಿರಾರು ಪ್ಯಾಕೇಜ್ ಹೊಸದಾಗಿ ಕಟ್ಟಬೇಕು. ಅದರಲ್ಲಿ ಯಾವುದೋ ಒಂದು ಲೈಬ್ರರಿ ಕಂಪೈಲ್ ಆಗದೆ ಬಿದ್ದರೆ ಅದರ ಮೇಲೆ ಕೂತವು ಯಾವುದೂ ಆಗುವುದಿಲ್ಲ. ಪಿಕೆಜಿ ಪಾಪ ಲೆಕ್ಕದ ಪ್ರಾಣಿ. ಹೊಸ ಲೈಬ್ರರಿಗಳ ಜೊತೆ ಹಳೆ ಇಂಕ್‌ಸ್ಕೇಪ್ ಹೊಂದುವುದಿಲ್ಲ, ಹೊಸದು ಸಿಗುತ್ತಿಲ್ಲ, ಹಾಗಾದರೆ ತೆಗೆದುಬಿಡುವ ಅಂತ ಪಟ್ಟಿಯಲ್ಲಿ ಹಾಕುತ್ತದೆ. ಕೆಲವು ದಿನ ಬಿಟ್ಟರೆ ಅಲ್ಲಿ ಯಾರಾದರೂ ಸರಿ ಮಾಡುತ್ತಾರೆ, ಪ್ಯಾಕೇಜ್ ವಾಪಸ್ ಬರುತ್ತದೆ. ಕಂತು ಬದಲಾಗುವ ವಾರ ಅಂಗಡಿಯ ಯಂತ್ರದಲ್ಲಿ ಅಪ್‌ಗ್ರೇಡ್ ಮಾಡಲೇಬೇಡಿ, ಸಾಕು.

ನಿಮ್ಮ ಸದ್ಯದ ಕಥೆಗೆ ಬರುವ. ಆ ಕಪ್ಪು ಪರದೆಯಲ್ಲೇ ಲಾಗಿನ್ ಆಗಿ. ‘/ವರ್/ಲಾಗ್/ಮೆಸೇಜಸ್’ ಎಂಬ ಫೈಲಿನಲ್ಲಿ ‘ಡಿಇನ್‌ಸ್ಟಾಲ್ಡ್’ ಅಂತ ಗ್ರೆಪ್ ಮಾಡಿದರೆ (ಅಂದರೆ ಗ್ರೆಪ್ ಕಮಾಂಡಿನಿಂದ ಆ ಶಬ್ದ ಹುಡುಕಿದರೆ) ಯಾವ ಯಾವ ಪ್ಯಾಕೇಜ್ ಹೊರಗೆ ಹೋಗಿದೆ ಅಂತ ಹೆಸರು ಸಮೇತ ಸಿಗುತ್ತದೆ. ಅವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪಿಕೆಜಿ ಇನ್‌ಸ್ಟಾಲ್ ಕೊಡಿ. ಅಲ್ಲಿ ಯಾವುದೂ ಹೋಗಿಲ್ಲ ಅಂತಾದರೆ ನಿಮ್ಮದು ಬೇರೆ ಕಾಯಿಲೆ, ಹೆಚ್ಚಾಗಿ ಗ್ರಾಫಿಕ್ಸಿನ ಡಿಆರ್‌ಎಂ-ಕೆಮಾಡ್. ಅದು ಕರ್ನಲ್ಲಿಗೆ ಅಂಟಿಕೊಂಡು ಕೆಲಸ ಮಾಡುವಂಥದ್ದು, ಕರ್ನಲ್ ಒಂದು ಆವೃತ್ತಿ, ಅದು ಇನ್ನೊಂದು ಆವೃತ್ತಿಗೆ ಕಟ್ಟಿದ್ದು ಅಂತಾದರೆ ಪರದೆ ಕಪ್ಪು.

ಇನ್ನು ಮುಂದಕ್ಕೆ: ಮೊದಲು ‘ಪಿಕೆಜಿ ಅಪ್‌ಗ್ರೇಡ್ -ಎನ್’ ಕೊಡಿ, ಅದು ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ಹೇಳುತ್ತದೆ. ‘ತೆಗೆಯುವವು’ ಅಂತ ಸಾಲು ಇದ್ದರೆ ನಿಧಾನಕ್ಕೆ ಮೇಲೆ ಸರಿಸಿ ಹೆಸರು ಓದಿ. ಗುರುತಿನ ಹೆಸರು ಕಂಡರೆ ನಾಲ್ಕು ದಿನ ಬಿಟ್ಟು ನೋಡಿ. ಡಿಸ್ಕಿನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಆಗಿದ್ದರೆ ಇನ್ನೂ ಸುಖ. ‘ಬಿಇಸಿಟಿಎಲ್ ಕ್ರಿಯೇಟ್’ ಮುಂದೆ ಒಂದು ಹೆಸರು ಕೊಟ್ಟರೆ ಆ ಕ್ಷಣದ ಇಡೀ ಸಿಸ್ಟಮ್ಮಿನ ನಕಲು ಕ್ಷಣಮಾತ್ರದಲ್ಲಿ ಸಿದ್ಧ, ಹಾಳಾದರೆ ಬೂಟ್ ಮೆನುವಿನಲ್ಲಿ ಅದನ್ನು ಆರಿಸಿ ಹಿಂದಕ್ಕೆ ಹೋಗಬಹುದು. ನಿಮ್ಮ ಹೋಮ್ ಫೋಲ್ಡರ್ ಇದರಲ್ಲಿ ಸೇರುವುದಿಲ್ಲ, ಅದು ಹಾಗೇ ಇರುತ್ತದೆ. ಆದರೆ ಎಚ್ಚರ: ‘/ವರ್/ಡಿಬಿ’ ಒಳಗೆ ಮೈಎಸ್‌ಕ್ಯುಎಲ್ ಇಟ್ಟು ಅದರಲ್ಲಿ ಬಿಲ್ಲು ಬರೆಯುತ್ತಿದ್ದರೆ ಮಾಮೂಲಿ ಜೋಡಣೆಯಲ್ಲಿ ಅದೂ ಹಿಂದಕ್ಕೆ ಹೋಗುತ್ತದೆ. ಬೆಳಿಗ್ಗೆಯಿಂದ ಬರೆದ ಬಿಲ್ಲೆಲ್ಲ ಮಾಯ.

ಪ್ರಶ್ನೆ: ಸರ್, ನೆಟ್‌ನಿಂದ ತೆಗೆದ ಒಂದು ಸ್ಕ್ರಿಪ್ಟ್ ಗೆಳತಿಯ ಉಬುಂಟುವಿನಲ್ಲಿ ಓಡುತ್ತದೆ, ನನ್ನ ಫ್ರೀಬಿಎಸ್‌ಡಿಯಲ್ಲಿ ‘ನಾಟ್ ಫೌಂಡ್’ ಅನ್ನುತ್ತದೆ. ಫೈಲ್ ಕಣ್ಣೆದುರೇ ಉಂಟು! ಪರ್ಮಿಷನ್ನೂ ಸರಿ ಉಂಟು.
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಸಿಗದೆ ಇರುವುದು ನಿನ್ನ ಫೈಲ್ ಅಲ್ಲಮ್ಮ, ಅದನ್ನು ಓಡಿಸುವ ಬ್ಯಾಷ್ ಎಂಬ ಶೆಲ್. ಸ್ಕ್ರಿಪ್ಟಿನ ಮೊದಲ ಸಾಲು ನೋಡು, ‘/ಬಿನ್/ಬ್ಯಾಷ್’ ಅಂತ ಇರುತ್ತದೆ. ಫ್ರೀಬಿಎಸ್‌ಡಿಯ ಜೊತೆ ಬ್ಯಾಷ್ ಬರುವುದಿಲ್ಲ. ಅದು ಪ್ಯಾಕೇಜ್, ಹಾಗಾಗಿ ಹಾಕಿದರೂ ‘/ಯುಎಸ್‌ಆರ್/ಲೋಕಲ್/ಬಿನ್’ ಒಳಗೇ ಇರುತ್ತದೆ. ಮೇಲೆ ಹೇಳಿದ ಗೋಡೆ ಇದೇ. ಬ್ಯಾಷ್ ಹಾಕಿಕೊಂಡು ಆ ಮೊದಲ ಸಾಲನ್ನು ‘/ಯುಎಸ್‌ಆರ್/ಬಿನ್/ಎನ್ವ್ ಬ್ಯಾಷ್’ ಅಂತ ಬದಲಿಸು. ಬ್ಯಾಷ್ ಎಲ್ಲಿದ್ದರೂ ಎನ್ವ್ ಹುಡುಕಿ ತರುತ್ತದೆ, ಉಬುಂಟುವಿನಲ್ಲೂ ಓಡುತ್ತದೆ. ಕೆಲವರು ‘/ಬಿನ್’ನಲ್ಲಿ ಒಂದು ಸಿಮ್‌ಲಿಂಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಗುತ್ತದೆ, ನನಗೆ ಇಷ್ಟ ಇಲ್ಲ. ನಿನ್ನ ಯಂತ್ರದಲ್ಲಿ ಓಡಿತು ಅಷ್ಟೇ, ಸ್ಕ್ರಿಪ್ಟ್ ಕುಂಟುತ್ತಲೇ ಉಳಿಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಮುಂದೆ ‘ಸೆಡ್ -ಐ’ (ಫೈಲಿನ ಒಳಗಿನ ಬರಹ ತಿದ್ದುವ ಕಮಾಂಡ್) ಇರುವ ಸಾಲಿನಲ್ಲಿ ಸಿಕ್ಕಿಬೀಳುತ್ತೀಯ. ಗ್ನೂ ಸೆಡ್‌ಗೆ ‘-ಐ’ ಮಾತ್ರ ಸಾಕು. ಬಿಎಸ್‌ಡಿ ಸೆಡ್ ಅದರ ಮುಂದೆ ಬ್ಯಾಕಪ್ಪಿನ ಬಾಲ ಏನು ಅಂತ ಕೇಳುತ್ತದೆ, ಬ್ಯಾಕಪ್ ಬೇಡ ಅಂದರೆ ಖಾಲಿ ಕೋಟ್ ಜೋಡಿ ಕೊಡಬೇಕು. ಸೋರ್ಸಿನಿಂದ ಸಾಫ್ಟ್‌ವೇರ್ ಕಟ್ಟುವ ಮೇಕ್ ಕೂಡ ಹಾಗೇ. ಲಿನಕ್ಸಿನವರು ಬರೆದ ಮೇಕ್‌ಫೈಲಿಗೆ ಇಲ್ಲಿನ ಮೇಕ್ ಮುಖ ಸಿಂಡರಿಸಿದರೆ ‘ಜಿಮೇಕ್’ ಹಾಕಿ ಅದನ್ನು ಕರೆ. ಎರಡೂ ಮೇಕ್‌ಗಳೇ, ಅಮ್ಮ ಅಜ್ಜಿ ಇಬ್ಬರ ಸಾರೂ ಸಾರೇ ಆದ ಹಾಗೆ, ಮಸಾಲೆ ಬೇರೆ. ಒಂದು ಲಾಭ ಉಂಟು. ಎರಡೂ ಕಡೆ ಓಡುವ ಹಾಗೆ ಬರೆಯಲು ಕಲಿತರೆ ಗೆಳತಿಗಿಂತ ನಿನಗೇ ಯುನಿಕ್ಸ್ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮ್ಯಾಕ್ ಕೂಡ ಯುನಿಕ್ಸ್ ಅಂತಾರೆ, ಹೌದಾ? ಅದಕ್ಕೂ ಇಂಥ ಪ್ಯಾಕೇಜ್ ಸಿಗುತ್ತದಾ?
(ಓದುಗರು, ಮಣಿಪಾಲ)

ಉತ್ತರ: ಹೌದು. 2007ರ ಲೆಪರ್ಡ್ ಆವೃತ್ತಿಗೆ ಯುನಿಕ್ಸ್ ಸರ್ಟಿಫಿಕೇಟೇ ಸಿಕ್ಕಿದೆ. ತಮಾಷೆ ಅಂದರೆ ನಾವು ಇಲ್ಲಿ ದಿನಾ ಮಾತಾಡುವ ಫ್ರೀಬಿಎಸ್‌ಡಿಗೆ, ಡೆಬಿಯನ್‌ಗೆ ಆ ಸರ್ಟಿಫಿಕೇಟ್ ಇಲ್ಲ. ಮ್ಯಾಕಿಗೆ ಹೋಂಬ್ರ್ಯೂ, ಮ್ಯಾಕ್‌ಪೋರ್ಟ್ಸ್ ಎರಡೂ ಉಂಟು, ಒಂದನ್ನು ಹಿಡಿಯಿರಿ, ಎರಡನ್ನೂ ಅಲ್ಲ. ಹೋಂಬ್ರ್ಯೂ ಇಂಟೆಲ್ ಯಂತ್ರದಲ್ಲಿ ‘/ಯುಎಸ್‌ಆರ್/ಲೋಕಲ್’ನಲ್ಲಿ, ಎಂ ಚಿಪ್ಪಿನ ಯಂತ್ರದಲ್ಲಿ ‘/ಆಪ್ಟ್/ಹೋಂಬ್ರ್ಯೂ’ನಲ್ಲಿ ಕೂರುತ್ತದೆ. ಹಳೆ ಮ್ಯಾಕಿನಿಂದ ಹೊಸದಕ್ಕೆ ಸೆಟ್ಟಿಂಗ್ ಎಲ್ಲ ನಕಲು ಮಾಡಿದವರು ಇದರಲ್ಲೇ ಎಡವುವುದು.

ಪ್ರಶ್ನೆ: ನಾನು ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುವವನು. ಓಪನ್ ಸೋರ್ಸ್ ಬಳಸುವ ಅಂದರೆ ನಮ್ಮ ಅಧ್ಯಕ್ಷರು ‘ಪುಕ್ಕಟೆ ಕೊಡುವವರು ಒಳಗೆ ಎಂತದಾದರೂ ಹಾಕಿದರೆ ಯಾರು ಹೊಣೆ?’ ಅಂತ ಕೇಳುತ್ತಾರೆ. ಎಂತ ಹೇಳುವುದು?
(ಓದುಗರು, ಕುಂದಾಪುರ)

ಉತ್ತರ: ನಿಮ್ಮ ಅಧ್ಯಕ್ಷರ ಪ್ರಶ್ನೆ ಸರಿಯಾಗಿಯೇ ಉಂಟು. ಒಮ್ಮೆ ಹಾಕಿಯೂ ಇದ್ದರು, ಆ ಕಥೆಯನ್ನೇ ಅವರಿಗೆ ಹೇಳಿ.

ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್. ಯಾರ ಕಣ್ಣಿಗೂ ಬೀಳದ, ಆದರೆ ಹೆಚ್ಚು ಕಡಿಮೆ ಎಲ್ಲ ಲಿನಕ್ಸ್ ಯಂತ್ರದಲ್ಲೂ ಇರುವಂಥದ್ದು. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್, ಒಬ್ಬರೇ, ಬಿಡುವಿನ ಹೊತ್ತಿನಲ್ಲಿ. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬ ಬಂದು ತೇಪೆ ಕಳಿಸಿದ, ಸಹಾಯ ಮಾಡಿದ, ಎರಡು ವರ್ಷಕ್ಕೂ ಮಿಕ್ಕಿ ಸಂಪನ್ನನಂತೆ ದುಡಿದ. ನಡುವೆ ಬೇರೆ ಬೇರೆ ಹೆಸರಿನವರು ‘ಕೆಲಸ ನಿಧಾನ ಆಯಿತು, ಬೇರೆಯವರಿಗೆ ಬಿಟ್ಟುಕೊಡಿ’ ಅಂತ ಕಾಲಿನ್ ಅವರನ್ನು ಒತ್ತಾಯ ಮಾಡಿದರು. ಕೊನೆಗೆ ಬೀಗದ ಕೈ ಇವನಿಗೂ ಸಿಕ್ಕಿತು. 2024ರ ಫೆಬ್ರುವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ಕಳ್ಳಬಾಗಿಲನ್ನು ಚಾಲೂ ಮಾಡುವ ತುಂಡು ಎಲ್ಲರೂ ನೋಡುವ ಗಿಟ್ ಎಂಬ ಸೋರ್ಸ್ ಸಂಗ್ರಹದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗುವುದು ಕಂಡಿತು. ಅರ್ಧ ಸೆಕೆಂಡ್! ನಮಗಾದರೆ ‘ನೆಟ್ ಸ್ಲೋ’ ಅಂತ ಮುಗಿಯುತ್ತಿತ್ತು. ಅವರು ಬೆನ್ನು ಹತ್ತಿದರು. ಸೋರ್ಸ್ ಕೈಯಲ್ಲಿ ಇದ್ದ ಕಾರಣ ಬುಡದವರೆಗೆ ಹೋಗಲು ಆಯಿತು. ಮಾರ್ಚ್ 29ರಂದು ಜಗತ್ತಿಗೆ ಹೇಳಿದರು.

ಅಧ್ಯಕ್ಷರಿಗೆ ಇನ್ನೂ ಒಂದು ಹೇಳಿ. ಆ ಆವೃತ್ತಿ ಹೊಕ್ಕದ್ದು ಡೆಬಿಯನ್ ಟೆಸ್ಟಿಂಗ್, ಫೆಡೋರಾದ ಇನ್ನೂ ಬಿಡುಗಡೆ ಆಗದ ಆವೃತ್ತಿ, ಇಂಥ ಅವಸರದವರ ಮನೆಗೆ. ಡೆಬಿಯನ್ ಸ್ಟೇಬಲ್‌ಗೆ ಬಂದಿರಲಿಲ್ಲ. ಕಳ್ಳಬಾಗಿಲು ಲಿನಕ್ಸಿಗೆ ಅಂತಲೇ ಬರೆದದ್ದು, ಫ್ರೀಬಿಎಸ್‌ಡಿಗೂ ತಟ್ಟಲಿಲ್ಲ. ಸಂಘದ ಯಂತ್ರದಲ್ಲಿ ಹೊಸತರ ಚಪಲ ಬೇಡ, ಹಳೆ ಸ್ಥಿರ ಆವೃತ್ತಿಯೇ ಇರಲಿ, ಭದ್ರತೆಯ ತೇಪೆ ಮಾತ್ರ ತಪ್ಪದೆ ಹಾಕಿ. ಫ್ರೀಬಿಎಸ್‌ಡಿ ಆದರೆ ವಾರಕ್ಕೊಮ್ಮೆ ‘ಪಿಕೆಜಿ ಆಡಿಟ್ -ಎಫ್’ (ಎಫ್ ದೊಡ್ಡಕ್ಷರ) ಓಡಿಸಿ, ಹಾಕಿರುವ ಪ್ಯಾಕೇಜುಗಳಲ್ಲಿ ಗೊತ್ತಿರುವ ತೂತು ಯಾವುದು ಅಂತ ಹೇಳುತ್ತದೆ. ಹೊಣೆ ಯಾರು ಅನ್ನುವುದಕ್ಕೆ: ಲೈಸೆನ್ಸಿನಲ್ಲೇ ‘ಗ್ಯಾರಂಟಿ ಇಲ್ಲ’ ಅಂತ ದೊಡ್ಡಕ್ಷರದಲ್ಲಿ ಬರೆದಿದೆ. ದುಡ್ಡು ಕೊಟ್ಟು ತರುವ ಸಾಫ್ಟ್‌ವೇರಿನ ಕರಾರು ಪತ್ರವನ್ನೂ ಒಮ್ಮೆ ಓದಲು ಹೇಳಿ, ಅಲ್ಲೂ ಬಹುತೇಕ ಅದೇ ಉಂಟು.

ಪ್ರಶ್ನೆ: ಪ್ಯಾಕೇಜ್ ಬೇಡ, ಪೋರ್ಟ್ಸ್‌ನಿಂದ ನಾವೇ ಕಂಪೈಲ್ ಮಾಡಿದರೆ ವೇಗ ಜಾಸ್ತಿ ಅಂತ ಒಬ್ಬರು ಹೇಳಿದರು. ಹಾಗೆ ಕೆಲವನ್ನು ಮಾಡಿದೆ. ಈಗ ಯಾವುದು ತೆರೆದರೂ ಯಾವುದೋ ‘ಡಾಟ್ ಎಸ್‌ಒ ನಾಟ್ ಫೌಂಡ್’.
(ಓದುಗರು, ಕಾರ್ಕಳ)

ಉತ್ತರ: ಗಡ್‌ಬಡ್ ಮಾಡಿಕೊಂಡಿದ್ದೀರಿ. ಒಂದರ ಮೇಲೆ ಒಂದು ಹಾಕಿ ಕಲಸುವುದು ಗ್ಲಾಸಿನಲ್ಲಿ ಚೆನ್ನಾಗಿರುತ್ತದೆ, ‘/ಯುಎಸ್‌ಆರ್/ಲೋಕಲ್’ನಲ್ಲಿ ಅಲ್ಲ.

ನಿಮ್ಮ ಪ್ಯಾಕೇಜುಗಳು ಕ್ವಾರ್ಟರ್ಲಿ ಕಂತಿನವು. ಪೋರ್ಟ್ಸ್ ಗಿಡವನ್ನು (ಸೋರ್ಸಿನಿಂದ ಸಾಫ್ಟ್‌ವೇರ್ ಕಟ್ಟುವ ವಿಧಾನಗಳ ಸಂಗ್ರಹ) ನೀವು ಗಿಟ್‌ನಿಂದ ತಂದಿದ್ದರೆ ಅದು ಬಹುಶಃ ಇವತ್ತಿನದ್ದು. ಪೋರ್ಟ್ಸ್‌ನಿಂದ ಕಟ್ಟುವಾಗ ಒಂದು ಲೈಬ್ರರಿಯ 8ನೇ ಆವೃತ್ತಿ ಬಂತು ಅಂತ ಇಟ್ಟುಕೊಳ್ಳಿ, 7 ಹೊರಗೆ ಹೋಯಿತು. 7ನ್ನು ನಂಬಿ ಕೂತಿದ್ದ ಹಳೆ ಪ್ಯಾಕೇಜುಗಳೆಲ್ಲ ಈಗ ಅಳುತ್ತಿವೆ, ‘ಡಾಟ್ ಎಸ್‌ಒ’ ಅಂದರೆ ಆ ಲೈಬ್ರರಿಯ ಫೈಲೇ. ‘ಪಿಕೆಜಿ ಅಪ್‌ಗ್ರೇಡ್ -ಎಫ್’ (ಇಲ್ಲಿ ಸಣ್ಣಕ್ಷರ) ಕೊಟ್ಟು ಎಲ್ಲವನ್ನೂ ಉಗ್ರಾಣದಿಂದ ಮತ್ತೊಮ್ಮೆ ಹಾಕಿಸಿಕೊಳ್ಳಿ. ವೈ ಒತ್ತುವ ಮೊದಲು ಎಂತ ಮಾಡಬೇಕು ಅಂತ ಮೇಲೆ ಹೇಳಿಯಾಗಿದೆ.

ವೇಗದ ಮಾತು ಮಾತ್ರ ನಂಬಬೇಡಿ, ದಿನಬಳಕೆಯಲ್ಲಿ ನಿಮಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಪೋರ್ಟ್ಸ್ ಬೇಕಾಗುವುದು ಪ್ಯಾಕೇಜಿನಲ್ಲಿ ಆಫ್ ಆಗಿರುವ ಯಾವುದೋ ಆಯ್ಕೆ ನಿಮಗೆ ಬೇಕು ಅನ್ನುವಾಗ, ಅಥವಾ ಲೈಸೆನ್ಸಿನ ತಕರಾರಿನಿಂದ ಕಟ್ಟಿದ ಪ್ಯಾಕೇಜ್ ಹಂಚುವ ಹಾಗಿಲ್ಲ ಅನ್ನುವಾಗ. ಆಗಲೂ ಗಿಡ ಮತ್ತು ಪ್ಯಾಕೇಜ್ ಒಂದೇ ಕಂತಿನದ್ದಾಗಿರಲಿ. ಪೂರ್ತಿ ಹುಚ್ಚು ಹಿಡಿದರೆ ಪುಡ್ರಿಯೇರ್ ಅಂತ ಒಂದು ಉಂಟು, ನಿಮ್ಮದೇ ಉಗ್ರಾಣ ಕಟ್ಟಿಕೊಳ್ಳಬಹುದು. ಆದರೆ ಕ್ರೋಮಿಯಂ, ರಸ್ಟ್, ಎಲ್‌ಎಲ್‌ವಿಎಂ ಇಂಥವು ಹಳೆ ಯಂತ್ರದಲ್ಲಿ ಗಂಟೆಗಟ್ಟಲೆ ತಿನ್ನುತ್ತವೆ. ಆಟಿಯ ಮಳೆಯಲ್ಲಿ ಕರೆಂಟ್ ಅಷ್ಟು ಹೊತ್ತು ಇರುತ್ತದಾ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ನೆಟ್ ಇಲ್ಲ ಅಂದರೂ ಆದೀತು. ಪೆನ್‌ಡ್ರೈವಿನಲ್ಲಿ ಪ್ಯಾಕೇಜ್ ತಂದು ಹಾಕಬಹುದಾ?
(ಶಿಕ್ಷಕಿ, ಹೆಬ್ರಿ)

ಉತ್ತರ: ಧಾರಾಳವಾಗಿ ಟೀಚರ್. ನೆಟ್ ಇರುವ ಕಡೆ ಅದೇ ಆವೃತ್ತಿಯ ಫ್ರೀಬಿಎಸ್‌ಡಿ ಯಂತ್ರದಲ್ಲಿ ‘ಪಿಕೆಜಿ ಫೆಚ್ -ಡಿ -ಓ’ (ಎರಡೂ ಸಣ್ಣಕ್ಷರ), ಮುಂದೆ ಫೋಲ್ಡರಿನ ಹೆಸರು, ಆಮೇಲೆ ಬೇಕಾದ ಪ್ಯಾಕೇಜುಗಳ ಹೆಸರು. ಆ ‘-ಡಿ’ ಮರೆತರೆ ಮನೆಮಂದಿ ಬರುವುದಿಲ್ಲ, ಒಬ್ಬರೇ ಬರುತ್ತಾರೆ. ನಂತರ ಅದೇ ಫೋಲ್ಡರಿಗೆ ‘ಪಿಕೆಜಿ ರೆಪೋ’ ಓಡಿಸಿದರೆ ಅದೇ ಒಂದು ಪುಟ್ಟ ಉಗ್ರಾಣ. ಶಾಲೆಯ ಯಂತ್ರದಲ್ಲಿ ‘/ಯುಎಸ್‌ಆರ್/ಲೋಕಲ್/ಇಟಿಸಿ/ಪಿಕೆಜಿ/ರೆಪೋಸ್’ ಒಳಗೆ ಒಂದು ಸಣ್ಣ ಫೈಲ್ ಬರೆದು ಆ ಫೋಲ್ಡರನ್ನು ತೋರಿಸಿ, ನೆಟ್ಟಿನ ಉಗ್ರಾಣವನ್ನು ಆಫ್ ಮಾಡಿ. 32 ಬಿಟ್ ಯಂತ್ರಕ್ಕೆ 64 ಬಿಟ್‌ನದ್ದು ಒಯ್ಯಬೇಡಿ, ಹೋಗಿ ಬರುವ ಬಸ್ಸಿನ ದುಡ್ಡು ದಂಡ. ಫ್ರೀಬಿಎಸ್‌ಡಿಯ ಡಿವಿಡಿ ಇಮೇಜಿನಲ್ಲೇ ಒಂದಷ್ಟು ಪ್ಯಾಕೇಜ್ ಇರುತ್ತವೆ, ಮೊದಲು ಅದನ್ನು ನೋಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ತಂದೆಯವರ ಕಾಲದ ಕನ್ನಡ ಪುಸ್ತಕಗಳು ಹಾಳಾಗುತ್ತಿವೆ, ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಬೇಕು ಅಂತ ಆಸೆ. ಮೊಮ್ಮಗ ಡೆಬಿಯನ್ ಹಾಕಿಕೊಟ್ಟಿದ್ದಾನೆ. ಕೆಲವು ಹಾಳೆಗಳಲ್ಲಿ ತುಳು ಲಿಪಿಯೂ ಉಂಟು, ಅದು ಆದೀತಾ?
(ಓದುಗರು, ಬ್ರಹ್ಮಾವರ)

ಉತ್ತರ: ಮಾಷ್ಟ್ರೇ, ಈ ಸಲದ ಪತ್ರಗಳಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ನಿಮ್ಮದು.

‘ಆಪ್ಟ್ ಇನ್‌ಸ್ಟಾಲ್ ಟೆಸೆರಾಕ್ಟ್-ಒಸಿಆರ್ ಟೆಸೆರಾಕ್ಟ್-ಒಸಿಆರ್-ಕನ್’. ಎರಡನೆಯದು ಕನ್ನಡದ ತರಬೇತಿ ಕಡತ, ಅದಿಲ್ಲದಿದ್ದರೆ ನಿಮ್ಮ ಪುಸ್ತಕವನ್ನು ಇಂಗ್ಲಿಷ್ ಅಂತ ತಿಳಿದು ಏನೇನೋ ಬರೆಯುತ್ತದೆ. ಟೆಸೆರಾಕ್ಟ್ ಎಚ್‌ಪಿ ಕಂಪನಿಯೊಳಗೆ 1980ರ ದಶಕದಲ್ಲಿ ಹುಟ್ಟಿದ್ದು, 2005ರಲ್ಲಿ ಓಪನ್ ಸೋರ್ಸ್ ಆಯಿತು. ಹಾಗಾಗದೆ ಇದ್ದಿದ್ದರೆ ಕನ್ನಡಕ್ಕಾಗಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲವೋ ಏನೋ. ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮೊಬೈಲ್ ಫೋಟೋ ಬೇಡ, ಪುಸ್ತಕದ ನಡುಮಡಿಕೆಯಲ್ಲಿ ಸಾಲು ಬಾಗಿದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಪಿಡಿಎಫ್ ಆಗಿದ್ದರೆ ಪಾಪ್ಲರ್-ಯುಟಿಲ್ಸ್ ಪ್ಯಾಕೇಜಿನ ‘ಪಿಡಿಎಫ್‌ಟುಪಿಪಿಎಂ’ ಬಳಸಿ ಪುಟ ಪುಟ ಚಿತ್ರ ಮಾಡಿ. ಆಮೇಲೆ ‘ಟೆಸೆರಾಕ್ಟ್’, ಚಿತ್ರದ ಹೆಸರು, ಹೊಸ ಫೈಲಿನ ಹೆಸರು, ‘-ಎಲ್ ಕನ್’. ಕನ್ ಅಂದರೆ ಕೆ, ಎ, ಎನ್.

ತಪ್ಪಿಲ್ಲದೆ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ. ನಾನು ಒಂದು ಹಳೆ ಪಂಚಾಂಗ ಮಾಡಿ ನೋಡಿದ್ದೆ. ಅನುಸ್ವಾರವನ್ನು ಅಂಕಿ ಸೊನ್ನೆ ಅಂತ ಓದುತ್ತದೆ, ಪ ಷ ಅದಲುಬದಲು, ಮಹಾಪ್ರಾಣದ ಕೆಳಗಿನ ಸಣ್ಣ ಗೀಟು ಮಸುಕಾಗಿದ್ದರೆ ಧ ಹೋಗಿ ದ. ಧನ ದನವಾಗುವುದು ಸ್ಪೆಲ್‌ಚೆಕ್ಕಿಗೂ ಸಿಗುವುದಿಲ್ಲ, ಎರಡೂ ಸರಿಯಾದ ಶಬ್ದಗಳೇ ಅಲ್ವಾ. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು ಬೇಕು, ಅದು ನಿಮ್ಮಲ್ಲಿ ಉಂಟು.

ತುಳು ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ‘ತುಳು-ತಿಗಳಾರಿ’ ಅಂತ ಜಾಗ ಸಿಕ್ಕಿದೆ. ಅಂದರೆ ಅಕ್ಷರಕ್ಕೆ ಮನೆ ನಂಬರು ಬಂದಿದೆ. ಆದರೆ ಟೆಸೆರಾಕ್ಟ್ ಜೊತೆ ಬರುವ ಕಡತಗಳಲ್ಲಿ ತುಳು ಇಲ್ಲ. ಆ ಹಾಳೆಗಳನ್ನು ಸದ್ಯಕ್ಕೆ ಟಿಫ್ ಚಿತ್ರವಾಗಿ ಹಾಗೇ ಇಡಿ, ಜೆಪೆಗ್ ಮಾಡಬೇಡಿ, ಕುಗ್ಗಿಸುವಾಗ ಶಾಯಿಯ ಅಂಚು ಒಡೆಯುತ್ತದೆ. ಲಿಪಿ ಬಲ್ಲವರು ಹತ್ತಿರ ಇದ್ದರೆ ಪ್ರತಿ ಸಾಲಿನ ಕೆಳಗೆ ಕನ್ನಡ ಲಿಪಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಟೆಸೆರಾಕ್ಟಿಗೆ ಹೊಸ ಲಿಪಿ ಕಲಿಸಲು ಬೇಕಾಗುವುದು ಅದೇ, ಸಾಲಿನ ಚಿತ್ರ ಮತ್ತು ಅದರ ಓದು. ಅಂಥ ಇನ್ನೂರು ಮುನ್ನೂರು ಸಾಲು ಆದಾಗ ನನಗೊಂದು ಕಾಗದ ಹಾಕಿ, ನಾನೇ ಬರುತ್ತೇನೆ.